ಕೇಳಿ ಬರೆಯುವ ಕೆಲಸ: ಕಾಸರಗೋಡಿನಲ್ಲಿ ಆಡಿಯೋ ಟ್ರಾನ್ಸ್‌ಕ್ರಿಪ್ಷನ್ ಆರಂಭಿಸುವವರಿಗೆ

ಧ್ವನಿಮುದ್ರಿಕೆಯನ್ನು ಕೇಳಿ ಅದರಲ್ಲಿರುವ ಮಾತನ್ನು ಅಕ್ಷರಕ್ಕಿಳಿಸುವ ಕೆಲಸವನ್ನು ಮನೆಯಲ್ಲಿ ಕುಳಿತೇ ಮಾಡಲು ಸಾಧ್ಯವೇ, ಅದಕ್ಕೆ ಏನೇನು ಕೊಳ್ಳಬೇಕು, ಎಲ್ಲಿಂದ ಆರಂಭಿಸಬೇಕು ಎಂದು ವಿಚಾರಿಸುವವರಿಗಾಗಿ ಈ ಲೇಖನ. ಮಂಜೇಶ್ವರದಿಂದ ಹೊಸದುರ್ಗದವರೆಗಿನ ಕನ್ನಡಿಗರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಇಲ್ಲಿ ಬೆಳೆದ ಕನ್ನಡಿಗರ ಪ್ರತಿಯೊಂದು ತಲೆಮಾರೂ ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಕೊಂಕಣಿಯನ್ನೋ, ಶಾಲೆಯಲ್ಲಿ ಕನ್ನಡವನ್ನು, ಬಸ್ಸಿನಲ್ಲೂ ಕಚೇರಿಯಲ್ಲೂ ಮಲಯಾಳವನ್ನು ಕೇಳುತ್ತ ಬಂದಿದೆ. ಉದ್ಯೋಗದ ಅರ್ಜಿಯಲ್ಲಿ ಈ ಅನುಭವವನ್ನು ಬರೆಯಲು ಜಾಗವಿರುವುದಿಲ್ಲ. ಆದರೆ ಕೇಳಿ ಬರೆಯುವ ಕೆಲಸದಲ್ಲಿ ದುಬಾರಿ ಸಲಕರಣೆಗಿಂತ ಇದಕ್ಕೇ ಹೆಚ್ಚು ಬೆಲೆ ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಮುಂದಿನ ಸಲಹೆಗಳೆಲ್ಲ ಈ ಅಭಿಪ್ರಾಯವನ್ನೇ ಆಧರಿಸಿವೆ.

ಮೊದಲು ಸಮಯದ ಲೆಕ್ಕ

ಏನನ್ನಾದರೂ ಕೊಳ್ಳುವ ಮೊದಲು ಈ ಕೆಲಸ ಎಷ್ಟು ಹೊತ್ತನ್ನು ಬೇಡುತ್ತದೆ ಎಂಬುದನ್ನು ತಿಳಿದಿರಬೇಕು. ಒಂದು ಗಂಟೆಯ ಸ್ಪಷ್ಟವಾದ ಧ್ವನಿಯನ್ನು ಬರೆದು ಮುಗಿಸಲು ಪಳಗಿದವರಿಗೂ ಸುಮಾರು ನಾಲ್ಕು ಗಂಟೆ ಬೇಕು ಎಂಬುದು ಈ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಒಪ್ಪಿಕೊಂಡಿರುವ ಅಂದಾಜು. ಕನ್ನಡಕ್ಕೆ ಇದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಮಾತನಾಡುವವರು ನಿಮಿಷಕ್ಕೆ ನೂರು ಪದಗಳನ್ನು ಆಡುತ್ತಾರೆ ಎಂದಿಟ್ಟುಕೊಂಡರೆ ಒಂದು ಗಂಟೆಗೆ 6000 ಪದಗಳಾಗುತ್ತವೆ. ನಿಮಿಷಕ್ಕೆ 25 ಪದಗಳ ವೇಗದಲ್ಲಿ ಟೈಪ್ ಮಾಡುವವರಿಗೆ ಆ 6000 ಪದಗಳನ್ನು ಒತ್ತುವುದಕ್ಕೇ 240 ನಿಮಿಷಗಳು, ಅಂದರೆ ಸರಿಯಾಗಿ ನಾಲ್ಕು ಗಂಟೆಗಳು ಹಿಡಿಯುತ್ತವೆ. ಹಿಂದಕ್ಕೆ ಹೋಗಿ ಮತ್ತೆ ಕೇಳುವ, ಹೆಸರುಗಳನ್ನು ಪರಿಶೀಲಿಸುವ, ಒಮ್ಮೆ ಪೂರ್ತಿ ತಿದ್ದುವ ಹೊತ್ತು ಇದರ ಮೇಲೆ ಬರುತ್ತದೆ. ಆದ್ದರಿಂದ ಹೊಸಬರು ಒಂದು ಗಂಟೆಯ ಧ್ವನಿಗೆ ಎಂಟು ಗಂಟೆಗಳ ದುಡಿಮೆಯನ್ನು ಎಣಿಸಿಕೊಂಡೇ ಒಪ್ಪಿಗೆ ಕೊಡುವುದು ಕ್ಷೇಮ. ಇಬ್ಬರು ಮೂವರು ಒಟ್ಟಿಗೆ ಮಾತನಾಡುವ ಸಭೆಯ ಧ್ವನಿಯಾದರೆ ಇದೂ ಸಾಲದೆ ಹೋಗಬಹುದು.

ಬರೆಯುವ ಬಗೆಯಲ್ಲಿಯೂ ಎರಡು ಕ್ರಮಗಳಿವೆ. ಒಂದರಲ್ಲಿ ತಡವರಿಕೆ, ಅರ್ಧಕ್ಕೆ ನಿಂತ ಪದ, ‘ಆಂ’, ‘ಮತ್ತೆ ಮತ್ತೆ’ ಎಲ್ಲವನ್ನೂ ಆಡಿದಂತೆಯೇ ಬರೆಯಬೇಕು. ಭಾಷಾ ಸಂಶೋಧನೆಗೆ, ಕಾನೂನಿನ ಕೆಲಸಕ್ಕೆ, ಕಂಪ್ಯೂಟರಿಗೆ ಮಾತು ಕಲಿಸುವ ದತ್ತಾಂಶಕ್ಕೆ ಇದು ಬೇಕಾಗುತ್ತದೆ. ಇನ್ನೊಂದರಲ್ಲಿ ತಡವರಿಕೆಗಳನ್ನು ಬಿಟ್ಟು ಅರ್ಥಕ್ಕೆ ಚ್ಯುತಿ ಬಾರದಂತೆ ವಾಕ್ಯಗಳನ್ನು ಸ್ವಚ್ಛವಾಗಿ ಬರೆಯಬೇಕು; ಪತ್ರಿಕೆಯ ಸಂದರ್ಶನಕ್ಕೆ, ಉಪನ್ಯಾಸದ ಪುಸ್ತಕರೂಪಕ್ಕೆ ಇದು ಸಾಕು. ಇವೆರಡರಲ್ಲಿ ಯಾವುದು ಬೇಕೆಂದು ಕೆಲಸ ಕೊಡುವವರನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ. ಈ ಒಂದು ಪ್ರಶ್ನೆಯನ್ನು ಕೇಳದೆ ಹೋದರೆ ಇಡೀ ಫೈಲನ್ನು ಎರಡನೆಯ ಬಾರಿ ಬರೆಯಬೇಕಾದ ಪರಿಸ್ಥಿತಿ ಬರಬಹುದು.

ಸಲಕರಣೆಗಳು, ಕೊಳ್ಳಬೇಕಾದ ಕ್ರಮದಲ್ಲಿ

ಕಂಪ್ಯೂಟರಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ ಸಾಧಾರಣ ಲ್ಯಾಪ್‌ಟಾಪ್, ಅದು ಹಳೆಯದಾದರೂ, ಧಾರಾಳವಾಗಿ ಸಾಕು. ಧ್ವನಿಯ ಫೈಲುಗಳು ವಿಡಿಯೋದಷ್ಟು ದೊಡ್ಡವಲ್ಲ: ಒಂದು ಗಂಟೆಯ, ಸಿಡಿ ಗುಣಮಟ್ಟದ, ಕುಗ್ಗಿಸದ ಸ್ಟೀರಿಯೋ ವೇವ್ ಫೈಲ್ ಸುಮಾರು 635 ಎಂಬಿ ಇದ್ದರೆ, ಕುಗ್ಗಿಸಿದ 128 ಕೆಬಿಪಿಎಸ್‌ನ ಎಂಪಿ3 ಫೈಲ್ ಸುಮಾರು 58 ಎಂಬಿಯಷ್ಟೇ ಇರುತ್ತದೆ. ಮೊಬೈಲಿನಲ್ಲೇ ಈ ಕೆಲಸವನ್ನು ನಡೆಸಬಹುದೆಂಬ ಜಾಹೀರಾತುಗಳನ್ನು ನಂಬಬೇಡಿ. ಹತ್ತು ನಿಮಿಷದ ಧ್ವನಿಗೆ ಅದು ಆಗಬಹುದು, ಜೀವನೋಪಾಯಕ್ಕೆ ಆಗದು.

ದುಡ್ಡು ಹಾಕಬೇಕಾದ ಮೊದಲ ವಸ್ತು ಹೆಡ್‌ಫೋನ್. ಕಿವಿಯನ್ನು ಪೂರ್ತಿ ಮುಚ್ಚುವ, ಹಿಂಬದಿ ಮುಚ್ಚಿರುವ, ತಂತಿಯ ಹೆಡ್‌ಫೋನನ್ನೇ ಆರಿಸಿಕೊಳ್ಳಿ. ಹೊರಗಿನ ಸದ್ದು ಒಳಗೆ ಬಾರದಂತೆ ಅದು ತಡೆಯುತ್ತದೆ, ಚಾರ್ಜ್ ಮುಗಿಯುವ ಚಿಂತೆ ಇರುವುದಿಲ್ಲ, ಗಂಟೆಗಟ್ಟಲೆ ಧರಿಸಿದರೂ ಕಿವಿಯೊಳಗೆ ನೋವಾಗುವುದಿಲ್ಲ. ಅಂಗಡಿಯಲ್ಲಿ ‘ಬಾಸ್ ಚೆನ್ನಾಗಿದೆ’ ಎಂದು ಹೇಳಿ ಕೊಡುವ ಹೆಡ್‌ಫೋನ್ ನಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸಿ ತೋರಿಸುವ ವ್ಯಂಜನಗಳ ಧ್ವನಿ ಹೆಚ್ಚಾಗಿ ಸೆಕೆಂಡಿಗೆ 2000 ಕಂಪನಗಳಿಂದ, ಅಂದರೆ 2000 ಹರ್ಟ್ಸ್‌ನಿಂದ ಮೇಲಿರುತ್ತದೆ. ಕೆಳಗಿನ ಕಂಪನಗಳನ್ನು ಉಬ್ಬಿಸುವ ಸಾಧನದಲ್ಲಿ ಅವು ಮುಚ್ಚಿಹೋಗುತ್ತವೆ. ಸೋನಿ ಎಂಡಿಆರ್-7506, ಆಡಿಯೋ-ಟೆಕ್ನಿಕಾ ಎಂ20ಎಕ್ಸ್‌ನಂತಹ ಸ್ಟುಡಿಯೋ ಮಾದರಿಗಳು ಹೆಸರುವಾಸಿಯಾದವು, ಆದರೆ ಆರಂಭಕ್ಕೆ ಅವು ಬೇಕೇ ಬೇಕೆಂದಿಲ್ಲ. ಎರಡು ಮೂರು ಸಾವಿರ ರೂಪಾಯಿಗಳೊಳಗೆ ಸಿಗುವ, ಮಾತು ಸ್ವಚ್ಛವಾಗಿ ಕೇಳಿಸುವ ಹೆಡ್‌ಫೋನ್ ಸಾಕು. ಎರಡೂ ಕಿವಿಗಳಲ್ಲಿ ಧರಿಸಿಯೇ ಕೆಲಸ ಮಾಡಿ. ಕೆಲವು ಸಂದರ್ಶನಗಳಲ್ಲಿ ಪ್ರಶ್ನೆ ಕೇಳುವವರ ಮೈಕ್ ಎಡಬದಿಯಲ್ಲೂ ಉತ್ತರಿಸುವವರದು ಬಲಬದಿಯಲ್ಲೂ ಮುದ್ರಣವಾಗಿರುತ್ತದೆ, ಒಂದೇ ಕಿವಿಗೆ ಇಟ್ಟುಕೊಂಡರೆ ಒಬ್ಬರ ಮಾತೇ ತಪ್ಪಿಹೋಗುತ್ತದೆ.

ಫೋನಿನ ಮೂಲಕ ನಡೆದ ಸಂದರ್ಶನಗಳ ವಿಷಯದಲ್ಲಿ ಒಂದು ಮಾತು. ಸಾಂಪ್ರದಾಯಿಕ ದೂರವಾಣಿ ವ್ಯವಸ್ಥೆ ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತದೆ. ಸಕಾರದ ಶಕ್ತಿಯ ಹೆಚ್ಚಿನ ಭಾಗ ಅದಕ್ಕಿಂತ ಮೇಲಿರುವುದರಿಂದ ಅಂಥ ಮುದ್ರಿಕೆಯಲ್ಲಿ ‘ಸ’ಕಾರವೂ ಇಂಗ್ಲಿಷ್ ಪದಗಳ ‘ಫ’ಕಾರವೂ ಒಂದೇ ತೆರನಾಗಿ ಕೇಳುತ್ತವೆ. ಎಷ್ಟು ದುಬಾರಿ ಹೆಡ್‌ಫೋನ್ ತಂದರೂ ಮುದ್ರಣದಲ್ಲೇ ಇಲ್ಲದ ಧ್ವನಿಯನ್ನು ಅದು ಕೇಳಿಸಲಾರದು. ಧ್ವನಿಯ ಮಟ್ಟವನ್ನು ಏರಿಸಿ ಏರಿಸಿ ಕಿವಿಯನ್ನು ದಂಡಿಸುವುದರಿಂದಲೂ ಪ್ರಯೋಜನವಿಲ್ಲ. ವಯಸ್ಕರು ವಾರಕ್ಕೆ 40 ಗಂಟೆ ಕೇಳುವುದಾದರೆ ಧ್ವನಿ 80 ಡೆಸಿಬೆಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪೂರ್ಣಾವಧಿಗೆ ಈ ಕೆಲಸ ಮಾಡುವವರು ಸರಿಸುಮಾರು ಅಷ್ಟೇ ಗಂಟೆಗಳನ್ನು ಹೆಡ್‌ಫೋನಿನಲ್ಲಿ ಕಳೆಯುತ್ತಾರೆ ಎಂಬುದನ್ನು ಮರೆಯಬಾರದು.

ಫುಟ್ ಪೆಡಲ್ ಎಂಬ ಸಾಧನವನ್ನು ಕೆಲವರು ಮೊದಲ ದಿನವೇ ತರಿಸಿಕೊಳ್ಳಲು ಹೊರಡುತ್ತಾರೆ. ಮೇಜಿನ ಕೆಳಗಿಟ್ಟು ಕಾಲಿನಿಂದ ಒತ್ತುವ ಇದರಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತವೆ: ಒಂದು ಧ್ವನಿಯನ್ನು ನುಡಿಸಲು ಮತ್ತು ನಿಲ್ಲಿಸಲು, ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಬೆರಳುಗಳು ಕೀಬೋರ್ಡನ್ನು ಬಿಟ್ಟೇಳಬೇಕಾಗಿಲ್ಲದಿರುವುದು ಇದರ ನಿಜವಾದ ಲಾಭ, ಮತ್ತು ದಿನವಿಡೀ ಕೆಲಸ ಮಾಡುವವರಿಗೆ ಅದು ದೊಡ್ಡ ಲಾಭವೇ. ಆದರೂ ಮೊದಲ ಕೆಲವು ತಿಂಗಳು ಕೀಬೋರ್ಡಿನ ಮೇಲಿನ ಸಾಲಿನ ಫಂಕ್ಷನ್ ಕೀಲಿಗಳಿಂದಲೇ ಧ್ವನಿಯನ್ನು ನಡೆಸಿ, ಕೆಲಸ ಕೈಹಿಡಿಯುತ್ತದೆ ಎಂದು ಖಾತ್ರಿಯಾದ ಮೇಲೆ ಪೆಡಲ್ ಕೊಳ್ಳಿ. ಯುಎಸ್‌ಬಿಯಲ್ಲಿ ಜೋಡಿಸುವ ಮಾದರಿಯೇ ಇರಲಿ, ಮತ್ತು ನೀವು ಬಳಸುವ ತಂತ್ರಾಂಶ ಅದನ್ನು ಗುರುತಿಸುತ್ತದೆಯೇ ಎಂದು ಹಣ ಕೊಡುವ ಮೊದಲು ನೋಡಿಕೊಳ್ಳಿ.

ಪೆಡಲಿಗಿಂತ ಮೊದಲು ನಮ್ಮ ಊರಿನಲ್ಲಿ ಯೋಚಿಸಬೇಕಾದದ್ದು ಮಳೆ ಮತ್ತು ಕರೆಂಟಿನ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೀಟಿನ ಮಾಡಿನ ಕೆಳಗೆ ಕುಳಿತವರಿಗೆ ತೆರೆದ ಬಗೆಯ ಹೆಡ್‌ಫೋನಿನಲ್ಲಿ ಏನೂ ಕೇಳದು. ಮನೆಯಲ್ಲಿ ತಾರಸಿಯ ಕೆಳಗೋ ಅಟ್ಟದ ಕೆಳಗೋ ಇರುವ ಒಳಕೋಣೆಯಿದ್ದರೆ ಕೆಲಸದ ಮೇಜನ್ನು ಅಲ್ಲಿಗೆ ಸಾಗಿಸಿ. ತುಲಾ ತಿಂಗಳಿನ ಗುಡುಗು ಸಿಡಿಲಿನ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಚಾರ್ಜರನ್ನೂ ಇಂಟರ್ನೆಟ್ ಮೋಡೆಮನ್ನೂ ಪ್ಲಗ್ಗಿನಿಂದ ಕಳಚಿಡುವ ಅಭ್ಯಾಸ ಬೇಕು. ಡೆಸ್ಕ್‌ಟಾಪ್ ಇರುವವರಿಗೆ ಯುಪಿಎಸ್ ಅನಿವಾರ್ಯ. ಲ್ಯಾಪ್‌ಟಾಪಿನವರಿಗೆ ಬ್ಯಾಟರಿ ಎರಡು ಗಂಟೆಯಾದರೂ ನಿಲ್ಲುವಂತಿರಬೇಕು. ಇಂಟರ್ನೆಟ್ಟಿನ ವೇಗ ಅಷ್ಟು ಮುಖ್ಯವಲ್ಲ, ಏಕೆಂದರೆ ಫೈಲನ್ನು ಒಮ್ಮೆ ಇಳಿಸಿಕೊಂಡರೆ ಬರೆಯುವಷ್ಟು ಹೊತ್ತೂ ಅದರ ಅಗತ್ಯ ಬೀಳುವುದಿಲ್ಲ. ಕೇಬಲ್ ಟಿವಿಯವರು ಕೊಡುವ ಫೈಬರ್ ಸಂಪರ್ಕವಾಗಲಿ, 2023ರ ಜೂನ್‌ನಲ್ಲಿ ಕೇರಳ ಸರಕಾರ ಉದ್ಘಾಟಿಸಿದ ಇಂಟರ್ನೆಟ್ ಜಾಲವಾದ ಕೆ-ಫೋನ್ ಆಗಲಿ, ಮೊಬೈಲಿನ ಹಾಟ್‌ಸ್ಪಾಟ್ ಆಗಲಿ ಸಾಕಾಗುತ್ತದೆ.

ಕನ್ನಡ ಕೀಲಿಮಣೆ

ಹೊಸಬರು ಅತ್ಯಂತ ಕಡಿಮೆ ಗಮನ ಕೊಡುವ, ಅತ್ಯಂತ ಹೆಚ್ಚು ಫಲ ಕೊಡುವ ಭಾಗ ಇದು. ನಿಮ್ಮ ಬರಹ, ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ತೆರೆದುಕೊಳ್ಳುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿಯೇ ಇರಬೇಕು. ಹಿಂದೆ ಡಿಟಿಪಿ ಕೇಂದ್ರಗಳಲ್ಲಿ ಬಳಸುತ್ತಿದ್ದ ‘ನುಡಿ’ ಮತ್ತು ‘ಬರಹ’ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ತೆರೆಯ ಮೇಲೆ ಕನ್ನಡ ಕಂಡರೂ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಮಾತ್ರ ಕಾಣಿಸುತ್ತವೆ, ಮತ್ತು ಅಂಥ ಫೈಲನ್ನು ಹೆಚ್ಚಿನವರು ಸ್ವೀಕರಿಸುವುದಿಲ್ಲ.

ಕೀಲಿಮಣೆಯ ವಿನ್ಯಾಸಗಳಲ್ಲಿ ಎರಡು ಮುಖ್ಯವಾದವು. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯ ವಿನ್ಯಾಸ ಒಂದು. ನೆರೆಯ ದಕ್ಷಿಣ ಕನ್ನಡದವರೇ ಆದ ಕೆ. ಪಿ. ರಾವ್ ಅವರ ಕೀಲಿಮಣೆಯೇ ಅದಕ್ಕೆ ಆಧಾರ. ಇಂಗ್ಲಿಷ್ ಕೀಲಿಗಳ ಉಚ್ಚಾರಕ್ಕೆ ಹತ್ತಿರವಾಗಿರುವುದರಿಂದ ಅದನ್ನು ಕೆಲವೇ ದಿನಗಳಲ್ಲಿ ಕಲಿಯಬಹುದು. ಇನ್ನೊಂದು ಇನ್‌ಸ್ಕ್ರಿಪ್ಟ್, ವಿಂಡೋಸ್‌ನಲ್ಲಿ ಬೇರೇನನ್ನೂ ಸೇರಿಸದೆ ಸಿಗುತ್ತದೆ. ಅದನ್ನು ಕಲಿಯಲು ಹೆಚ್ಚು ದಿನ ಬೇಕು, ಆದರೆ ಭಾರತದ ಬಹುತೇಕ ಲಿಪಿಗಳಿಗೂ ಅದರಲ್ಲಿ ಒಂದೇ ಜೋಡಣೆ ಇರುವುದರಿಂದ ಕನ್ನಡದ ‘ಕ’ ಇರುವ ಕೀಲಿಯಲ್ಲೇ ಮಲಯಾಳದ ‘ಕ’ವೂ ಇರುತ್ತದೆ. ಕಾಸರಗೋಡಿನಲ್ಲಿ ಮಲಯಾಳ ಓದಲು ಬರೆಯಲು ಬಲ್ಲ ಕನ್ನಡಿಗರು ಇನ್‌ಸ್ಕ್ರಿಪ್ಟ್ ಕಲಿತರೆ ಒಂದೇ ಶ್ರಮದಲ್ಲಿ ಎರಡು ಭಾಷೆಗಳ ಕೆಲಸಕ್ಕೆ ಸಿದ್ಧರಾಗುತ್ತಾರೆ. ಅಂಥವರಿಗೆ ನಾನು ಇದನ್ನೇ ಸೂಚಿಸುತ್ತೇನೆ. ಇಂಗ್ಲಿಷಿನಲ್ಲಿ ಇಡೀ ಪದವನ್ನು ಒತ್ತಿ ಕನ್ನಡ ಪದವನ್ನು ಪಟ್ಟಿಯಿಂದ ಆರಿಸುವ ವಿಧಾನ ವಾಟ್ಸಾಪಿಗೆ ಸರಿ. ಈ ಕೆಲಸದಲ್ಲಿ ಅದು ಎರಡು ರೀತಿಯಲ್ಲಿ ತೊಂದರೆ ಕೊಡುತ್ತದೆ. ಆರಿಸುವುದಕ್ಕಾಗಿ ಪ್ರತಿ ಪದಕ್ಕೂ ಕಣ್ಣು ನಿಲ್ಲಬೇಕಾಗುತ್ತದೆ, ಜೊತೆಗೆ ಆಡುಮಾತಿನ ಪದವನ್ನು ಒತ್ತಿದಾಗ ಅದು ತನಗೆ ಪರಿಚಿತವಾದ ಬೇರೆ ಪದವನ್ನು ತಂದು ಕೂರಿಸುತ್ತದೆ.

ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವಾಗ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆಯಿದೆ. ‘ಸಾಫ್ಟ್ವೇರ್’ ಎಂದಾಗುವುದನ್ನು ‘ಸಾಫ್ಟ್‌ವೇರ್’ ಎಂದು ಬಿಡಿಸಿ ತೋರಿಸುವುದು ಅದೇ. ನಿಮ್ಮ ಕೀಲಿಮಣೆಯಲ್ಲಿ ಅದು ಎಲ್ಲಿದೆ ಎಂದು ಮೊದಲ ವಾರದಲ್ಲೇ ಹುಡುಕಿಕೊಳ್ಳಿ. ಇಂದಿನ ಯಾವ ಸಂಭಾಷಣೆಯೂ ಅದಿಲ್ಲದೆ ಮುಗಿಯುವುದಿಲ್ಲ. ನಿಮಿಷಕ್ಕೆ 25ರಿಂದ 30 ಪದಗಳು, ಕೀಲಿಮಣೆಯನ್ನು ನೋಡದೆ: ಇಷ್ಟಾದ ಮೇಲೆ ಕೆಲಸ ಹುಡುಕಲು ಹೊರಡಬಹುದು.

ಒಂದು ಫೈಲನ್ನು ಬರೆಯುವ ಕ್ರಮ

ತಂತ್ರಾಂಶಕ್ಕೆ ಆರಂಭದಲ್ಲಿ ಹಣ ಕೊಡಬೇಕಾಗಿಲ್ಲ. ಓಟ್ರಾನ್ಸ್‌ಕ್ರೈಬ್ ಎಂಬುದು ಬ್ರೌಸರಿನಲ್ಲೇ ತೆರೆದುಕೊಳ್ಳುವ ಉಚಿತ ಸಾಧನ. ಒಂದೇ ಪುಟದಲ್ಲಿ ಮೇಲೆ ಧ್ವನಿಯೂ ಕೆಳಗೆ ಬರೆಯುವ ಜಾಗವೂ ಇರುತ್ತದೆ. ಎಸ್ಕೇಪ್ ಕೀಲಿಯಿಂದ ಧ್ವನಿ ನಿಂತು ಮುಂದುವರಿಯುತ್ತದೆ, ಎಫ್1 ಹಿಂದಕ್ಕೂ ಎಫ್2 ಮುಂದಕ್ಕೂ ಒಯ್ಯುತ್ತವೆ, ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿದರೆ ಆ ಕ್ಷಣದ ಸಮಯ ಬರಹದಲ್ಲಿ ದಾಖಲಾಗುತ್ತದೆ. ಧ್ವನಿಯ ಫೈಲ್ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ ಎಂಬುದು ಇದರ ಇನ್ನೊಂದು ಗುಣ. ಬರಹವೂ ಬ್ರೌಸರಿನ ಒಳಗೇ ಉಳಿಯುವುದರಿಂದ ಬ್ರೌಸರಿನ ಸಂಗ್ರಹವನ್ನು ಅಳಿಸಿದರೆ ಅದೂ ಹೋಗುತ್ತದೆ. ಪ್ರತಿ ಅರ್ಧ ಗಂಟೆಗೊಮ್ಮೆ ಪ್ರತಿಯನ್ನು ಬೇರೆ ಕಡೆ ಉಳಿಸಿಕೊಳ್ಳಿ. ಪೆಡಲ್ ಬಳಸುವವರಿಗೆ ಎಕ್ಸ್‌ಪ್ರೆಸ್ ಸ್ಕ್ರೈಬ್ ಹೆಚ್ಚು ಅನುಕೂಲ. ಭಾಷಾ ಸಂಶೋಧಕರು ಇಲಾನ್ ಎಂಬ ಉಚಿತ ತಂತ್ರಾಂಶವನ್ನು ಕೇಳುವುದುಂಟು. ನೆದರ್ಲೆಂಡ್ಸ್‌ನ ಮ್ಯಾಕ್ಸ್ ಪ್ಲಾಂಕ್ ಮನೋಭಾಷಾವಿಜ್ಞಾನ ಸಂಸ್ಥೆ ರೂಪಿಸಿದ ಅದರಲ್ಲಿ ಒಬ್ಬೊಬ್ಬರ ಮಾತನ್ನೂ ಬೇರೆ ಬೇರೆ ಸಾಲಿನಲ್ಲಿ ಧ್ವನಿಯ ಅಲೆಗೆ ಹೊಂದಿಸಿ ಬರೆಯಬಹುದು.

ಫೈಲ್ ಕೈಗೆ ಬಂದೊಡನೆ ಮೂಲವನ್ನು ಮುಟ್ಟದೆ ಒಂದು ನಕಲು ಮಾಡಿ, ಕೆಲಸವನ್ನು ನಕಲಿನಲ್ಲೇ ನಡೆಸಿ. ಫ್ಯಾನಿನ ಸದ್ದು, ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಟ್ಟುವಿಕೆ ಹೆಚ್ಚಿದ್ದರೆ ಉಚಿತವಾಗಿ ಸಿಗುವ, ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸಿ, ಧ್ವನಿಯ ಮಟ್ಟವನ್ನು ಸಮಗೊಳಿಸಿ. ಗದ್ದಲ ತೆಗೆಯುವ ಸೌಲಭ್ಯವನ್ನು ಮಿತವಾಗಿ ಬಳಸಬೇಕು. ಯಾರೂ ಮಾತನಾಡದ ಎರಡು ಸೆಕೆಂಡಿನ ಭಾಗವನ್ನು ಮಾದರಿಯಾಗಿ ತೋರಿಸಿ, ನಂತರ ಇಡೀ ಫೈಲಿಗೆ ಅನ್ವಯಿಸುವುದು ಅದರ ವಿಧಾನ. ಅಳತೆ ಮೀರಿದರೆ ಗದ್ದಲದ ಜೊತೆಗೆ ಸ, ಶ, ಹಗಳೂ ಅಳಿಸಿಹೋಗಿ ಮಾತು ನೀರಿನೊಳಗಿಂದ ಬಂದಂತೆ ಕೇಳುತ್ತದೆ.

ಬರೆಯಲು ಕೂರುವ ಮೊದಲು ಐದು ನಿಮಿಷ ಸುಮ್ಮನೆ ಕೇಳಿ. ಯಾರು ಯಾರು ಮಾತನಾಡುತ್ತಿದ್ದಾರೆ, ಅವರು ಯಾವ ಕಡೆಯವರು, ವಿಷಯವೇನು ಎಂದು ತಿಳಿದುಕೊಂಡು, ಬರುವ ಊರು ಮತ್ತು ವ್ಯಕ್ತಿಗಳ ಹೆಸರುಗಳನ್ನು ಬೇರೊಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ಮೊದಲ ಸುತ್ತಿನಲ್ಲಿ ವೇಗವನ್ನು ಮುಕ್ಕಾಲು ಪಾಲಿಗೆ ಇಳಿಸಿ, ಎಲ್ಲೂ ತಡೆಯದೆ ಬರೆಯುತ್ತ ಹೋಗಿ. ಒಂದು ಪದ ಮೂರು ಸಲ ಕೇಳಿದರೂ ತಿಳಿಯದಿದ್ದರೆ ಅಲ್ಲಿ [ಅಸ್ಪಷ್ಟ 00:14:32] ಎಂದು ಗುರುತಿಟ್ಟು ಮುಂದೆ ಸಾಗಿ. ಅಚ್ಚರಿಯ ಸಂಗತಿಯೆಂದರೆ, ಆ ಪದವನ್ನು ಮಾತನಾಡುವವರು ಹತ್ತು ನಿಮಿಷದ ಬಳಿಕ ಸ್ಪಷ್ಟವಾಗಿ ಮತ್ತೊಮ್ಮೆ ಆಡುವುದೇ ಹೆಚ್ಚು. ಎರಡನೆಯ ಸುತ್ತಿನಲ್ಲಿ ಧ್ವನಿಯನ್ನು ಪೂರ್ಣ ವೇಗದಲ್ಲಿ ಕೇಳುತ್ತ ಬರೆದದ್ದನ್ನು ಓದಿ. ಬರೆಯುವಾಗ ಮನಸ್ಸು ತಾನು ನಿರೀಕ್ಷಿಸಿದ ಪದವನ್ನು ಹಾಕಿಬಿಡುತ್ತದೆ; ‘ಇಲ್ಲ’ ಎಂಬ ಒಂದು ಪದ ಬಿಟ್ಟುಹೋದರೂ ಅರ್ಥ ತಲೆಕೆಳಗಾಗುತ್ತದೆ, ಅದು ಸಿಕ್ಕಿಬೀಳುವುದು ಈ ಸುತ್ತಿನಲ್ಲಿ ಮಾತ್ರ. ಎಷ್ಟೇ ಅವಸರವಿದ್ದರೂ ಇದನ್ನು ಬಿಡಬೇಡಿ. ಕೊನೆಯಲ್ಲಿ ಉಳಿದ ಅಸ್ಪಷ್ಟ ಜಾಗಗಳನ್ನು ಊಹಿಸಿ ತುಂಬದೆ ಹಾಗೆಯೇ ಬಿಟ್ಟು ಕಳುಹಿಸಿ.

ಅಭ್ಯಾಸಕ್ಕೆ ಸುಲಭದಿಂದ ಕಷ್ಟಕ್ಕೆ ಹೋಗುವ ದಾರಿ ನಮ್ಮಲ್ಲಿ ಚೆನ್ನಾಗಿದೆ. ಆಕಾಶವಾಣಿಯ ಕನ್ನಡ ವಾರ್ತೆಯಿಂದ ಆರಂಭಿಸಿ. ಉಚ್ಚಾರ ಸ್ಪಷ್ಟ, ಭಾಷೆ ಶಿಷ್ಟ. ಅನಂತರ ಮಂಗಳೂರು ಆಕಾಶವಾಣಿಯ ಸಂದರ್ಶನಗಳಂತಹ ಇಬ್ಬರ ಮಾತುಕತೆ. ಮೂರನೆಯದಾಗಿ ತಾಳಮದ್ದಳೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯ ಮುದ್ರಿಕೆಯಲ್ಲಿ ಮೊದಲೇ ಬರೆದಿಟ್ಟ ಮಾತು ಇರುವುದಿಲ್ಲ, ಸ್ಥಳದಲ್ಲೇ ಹುಟ್ಟಿದ ಉದ್ದುದ್ದ ವಾಕ್ಯಗಳಿರುತ್ತವೆ, ಸಂಸ್ಕೃತ ಪದಗಳು ಧಾರೆಯಾಗಿ ಬರುತ್ತವೆ, ಎದುರಾಳಿಯ ಮಾತು ನಡುವೆ ತೂರುತ್ತದೆ, ಹಿನ್ನೆಲೆಯಲ್ಲಿ ಮದ್ದಳೆ ಚೆಂಡೆಗಳಿರುತ್ತವೆ. ಹದಿನೈದು ನಿಮಿಷದ ಅಂಥ ಮುದ್ರಿಕೆಯನ್ನು ತಪ್ಪಿಲ್ಲದೆ ಬರೆದವರಿಗೆ ಯಾವ ಉಪನ್ಯಾಸವೂ ಕಷ್ಟವಾಗದು. ಇವು ಅಭ್ಯಾಸಕ್ಕೆ ಮಾತ್ರ. ಹಕ್ಕುದಾರರ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ.

ಹಲವು ಭಾಷೆಗಳ ಮಾತನ್ನು ಬರೆಯುವಾಗ

ಕಾಸರಗೋಡಿನ ಮಾತಿನಲ್ಲಿ ಒಂದೇ ಉಸಿರಿನಲ್ಲಿ ಮೂರು ಭಾಷೆಗಳು ಬರುತ್ತವೆ, ಮತ್ತು ಹೊರಗಿನ ಟ್ರಾನ್ಸ್‌ಕ್ರಿಪ್ಷನ್ ಸಂಸ್ಥೆಗಳು ತಡಬಡಾಯಿಸುವುದು ಇಲ್ಲಿಯೇ. ಬೆಂಗಳೂರಿನಲ್ಲಿ ಕುಳಿತ ಬರೆಯುವವರು ಎಷ್ಟೇ ನುರಿತಿದ್ದರೂ ಬಾಯಾರಿನ ಅಜ್ಜಿಯೊಬ್ಬರ ಮಾತಿನಲ್ಲಿ ಎಲ್ಲಿ ಕನ್ನಡ ಮುಗಿದು ತುಳು ಆರಂಭವಾಯಿತು ಎಂದು ಹೇಳಲಾರರು. ನೀವು ಹೇಳಬಲ್ಲಿರಿ. ಅದಕ್ಕಾಗಿ ಕೆಲಸ ಕೊಡುವವರೊಂದಿಗೆ ಕೆಲವು ನಿಯಮಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ತುಳುವಿಗೆ ಕನ್ನಡ ಲಿಪಿಯನ್ನೇ ಬಳಸುವುದು ರೂಢಿ. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡಿನ 16.0 ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೂ ಸ್ಥಾನ ಸಿಕ್ಕಿದೆ, ಆದರೆ ಬರೆಸುವವರು ಕೇಳುವುದು ಕನ್ನಡ ಲಿಪಿಯನ್ನೇ. ತುಳುವಿನ ಪದಾಂತ್ಯದ ಅರೆಸ್ವರವನ್ನು ಕೆಲವರು ಉಕಾರವಾಗಿಯೂ ಕೆಲವರು ಅರ್ಧಾಕ್ಷರವಾಗಿಯೂ ಬರೆಯುತ್ತಾರೆ; ಯಾವುದನ್ನು ಆರಿಸಿಕೊಂಡರೂ ಫೈಲಿನ ಕೊನೆಯವರೆಗೆ ಅದನ್ನೇ ಪಾಲಿಸಬೇಕು. ‘ಬರ್ಪೆ’ ಎಂಬ ರೂಪ ‘ನಾನು ಬರುತ್ತೇನೆ’ ಎಂಬುದಕ್ಕೂ ‘ಅವನು ಬರುತ್ತಾನೆ’ ಎಂಬುದಕ್ಕೂ ಕನ್ನಡ ಲಿಪಿಯಲ್ಲಿ ಒಂದೇ ಆಗಿ ಕಾಣುತ್ತದೆ, ಕಿವಿಗೆ ಮಾತ್ರ ಮೊದಲನೆಯದರ ಕೊನೆಯ ಸ್ವರ ಬಾಯಿ ಹೆಚ್ಚು ತೆರೆದು ಕೇಳುತ್ತದೆ. ಸರ್ವನಾಮವಿಲ್ಲದೆ ಅದು ಬಂದಾಗ ಯಾರ ಬಗ್ಗೆ ಹೇಳಿದ್ದು ಎಂದು ಆವರಣದಲ್ಲಿ ಟಿಪ್ಪಣಿ ಹಾಕಿದರೆ ಸಂಶೋಧಕರು ನಿಮ್ಮನ್ನು ಮತ್ತೆ ಹುಡುಕಿಕೊಂಡು ಬರುತ್ತಾರೆ. ಕಾಗುಣಿತದ ಸಂದೇಹಕ್ಕೆ ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಆರು ಸಂಪುಟಗಳಲ್ಲಿ ಹೊರತಂದ ತುಳು ನಿಘಂಟು ಆಧಾರ. ಮಂಜೇಶ್ವರದ ಕವಿಯ ಹೆಸರು ಹೊತ್ತ ಸಂಸ್ಥೆಯೇ ನಮ್ಮ ಈ ಕೆಲಸಕ್ಕೂ ಒದಗುತ್ತಿರುವುದು ನನಗೆ ಸಂತೋಷದ ವಿಷಯ.

ಹವ್ಯಕ ಮಾತಿನಲ್ಲಿ ‘ಅಕ್ಕ ಬಂತು’ ಎಂದಿದ್ದರೆ ‘ಅಕ್ಕ ಬಂದಳು’ ಎಂದು ತಿದ್ದಬಾರದು. ಸ್ತ್ರೀಯರಿಗೆ ನಪುಂಸಕ ರೂಪವನ್ನು ಬಳಸುವುದು ಆ ಮಾತಿನ ವ್ಯಾಕರಣ. ‘ಆನು’, ‘ಎಂಗೊ’ಗಳನ್ನು ‘ನಾನು’, ‘ನಾವು’ ಎಂದು ಮಾಡುವುದೂ ತಪ್ಪೇ. ಮಲಯಾಳದಿಂದ ಬಂದ ಪದಗಳಲ್ಲಿ ಇನ್ನೊಂದು ಎಚ್ಚರ ಬೇಕು: ಯಾರಾದರೂ ‘ಪಂಚಾಯತಿಗೆ ಅಪೇಕ್ಷೆ ಕೊಟ್ಟೆ’ ಎಂದರೆ ಅಲ್ಲಿರುವುದು ಮಲಯಾಳದ ಅರ್ಥ, ಅಂದರೆ ಅರ್ಜಿ, ಪದವನ್ನು ಹಾಗೆಯೇ ಬರೆದು ಅರ್ಥವನ್ನು ಟಿಪ್ಪಣಿಯಲ್ಲಿ ಕೊಡಿ. ಮಲಯಾಳದ ವಿಶಿಷ್ಟ ಧ್ವನಿಗಳನ್ನು ಕನ್ನಡ ಲಿಪಿಯಲ್ಲಿ ತೋರಿಸಲು ಹಳಗನ್ನಡದ ೞ ಮತ್ತು ಱ ಯೂನಿಕೋಡಿನಲ್ಲಿ ಲಭ್ಯವಿವೆ, ಆದರೆ ಅವು ಬೇಕೆಂದು ಹೇಳಿದವರಿಗೆ ಮಾತ್ರ ಬಳಸಿ. ಊರ ಹೆಸರುಗಳಲ್ಲಿ ಆಡಿದವರು ‘ಕುಂಬ್ಳ’ ಎಂದರೂ ‘ಕುಂಬಳೆ’ ಎಂದರೂ ಬರಹದಲ್ಲಿ ಒಂದೇ ರೂಪವಿರಬೇಕೇ, ಆಡಿದಂತೆ ಇರಬೇಕೇ ಎಂಬುದನ್ನು ಬರೆಸುವವರೇ ನಿರ್ಧರಿಸಲಿ.

ಯಂತ್ರ ಬರೆದ ಕರಡು

ಇಂಗ್ಲಿಷಿನ ಸ್ಪಷ್ಟ ಧ್ವನಿಯನ್ನು ಈಗ ಯಂತ್ರಗಳೇ ಬರೆಯುತ್ತವೆ, ಆ ಕಡೆ ಹೊಸಬರಿಗೆ ಉಳಿದಿರುವುದು ಬಹುತೇಕ ತಿದ್ದುವ ಕೆಲಸ. 2022ರಲ್ಲಿ ಓಪನ್‌ಎಐ ಬಿಡುಗಡೆ ಮಾಡಿದ ವಿಸ್ಪರ್ ಎಂಬ ತಂತ್ರಾಂಶ ಕನ್ನಡವನ್ನೂ ಬರೆಯುತ್ತದೆ, ಆದರೆ ಅದನ್ನು ತರಬೇತುಗೊಳಿಸಿದ 6,80,000 ಗಂಟೆಗಳ ಧ್ವನಿಯಲ್ಲಿ ಕನ್ನಡದ ಪಾಲು ತೀರ ಚಿಕ್ಕದು, ತುಳು ಅದರ ಭಾಷೆಗಳ ಪಟ್ಟಿಯಲ್ಲೇ ಇಲ್ಲ. ತುಳು ವಾಕ್ಯ ಬಂದಾಗ ಅದು ಹತ್ತಿರದ ಸದ್ದಿನ ಕನ್ನಡ ಪದಗಳನ್ನು ಜೋಡಿಸುತ್ತದೆ, ಮೌನವಿರುವ ಕಡೆ ಯಾರೂ ಆಡದ ವಾಕ್ಯವನ್ನು ಬರೆಯುವುದೂ ಉಂಟು. ಕರಡನ್ನು ಬಳಸುವುದಾದರೆ ಶಿಷ್ಟ ಕನ್ನಡದ ಉಪನ್ಯಾಸಗಳಿಗೆ ಬಳಸಿ. ಆಡುಮಾತಿಗೆ ಬೇಡ, ತಿದ್ದುವ ಹೊತ್ತಿನಲ್ಲಿ ಹೊಸದಾಗಿ ಬರೆಯಬಹುದು. ಇದೇ ಕೊರತೆಯಿಂದ ಹೊಸ ಕೆಲಸವೂ ಹುಟ್ಟಿದೆ. ಕೇಂದ್ರ ಸರಕಾರದ ಭಾಷಿಣಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ, ಮದ್ರಾಸ್ ಐಐಟಿಯ ಎಐ4ಭಾರತ್, ಮೈಸೂರಿನ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ ಭಾಷಾ ದತ್ತಾಂಶ ಯೋಜನೆ ಮುಂತಾದ, ಕಂಪ್ಯೂಟರಿಗೆ ಭಾರತೀಯ ಭಾಷೆಗಳನ್ನು ಕಲಿಸುವ ಯೋಜನೆಗಳಿಗೆ ಮನುಷ್ಯರು ಕೇಳಿ ಬರೆದ ಮಾತು ಬೇಕು.

ಕೆಲಸ, ದರ ಮತ್ತು ಮೋಸ

ಮೊದಲ ಕೆಲಸವನ್ನು ಹತ್ತಿರದಲ್ಲೇ ಹುಡುಕಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ಕಾಸರಗೋಡಿನ ಸರಕಾರಿ ಕಾಲೇಜು, ಮಂಗಳೂರು ವಿಶ್ವವಿದ್ಯಾಲಯಗಳಲ್ಲಿ ಪಿಎಚ್‌ಡಿ ಮಾಡುತ್ತಿರುವವರ ಬಳಿ ಕ್ಷೇತ್ರಕಾರ್ಯದ ಧ್ವನಿಮುದ್ರಿಕೆಗಳಿರುತ್ತವೆ, ಪಾಡ್ದನಗಳಿರುತ್ತವೆ, ಬರೆಯಲು ಅವರಿಗೆ ಹೊತ್ತಿರುವುದಿಲ್ಲ. ತಾಳಮದ್ದಳೆಯ ಸಂಗ್ರಾಹಕರು, ಹಿರಿಯರ ನೆನಪುಗಳನ್ನು ಪುಸ್ತಕ ಮಾಡಬೇಕೆಂದಿರುವ ಕುಟುಂಬಗಳು, ಸ್ಮರಣ ಸಂಚಿಕೆ ತರುವ ಸಂಘಗಳು, ಕನ್ನಡ ಪಾಡ್‌ಕಾಸ್ಟ್ ನಡೆಸುವವರು ಕೂಡ ಇಂಥವರನ್ನೇ ಹುಡುಕುತ್ತಿರುತ್ತಾರೆ. ಐದು ನಿಮಿಷದ ಧ್ವನಿಯ ಅಚ್ಚುಕಟ್ಟಾದ ಮಾದರಿ ಬರಹವೊಂದನ್ನು ಸಿದ್ಧವಾಗಿಟ್ಟುಕೊಂಡು ತೋರಿಸಿ.

ದರವನ್ನು ಸಾಮಾನ್ಯವಾಗಿ ಧ್ವನಿಯ ನಿಮಿಷಕ್ಕೆ ಹೇಳುತ್ತಾರೆ. ಅದನ್ನು ನಿಮ್ಮ ದುಡಿಮೆಯ ಗಂಟೆಗೆ ಪರಿವರ್ತಿಸಿ ನೋಡಿ. ನಿಮಿಷಕ್ಕೆ 20 ರೂಪಾಯಿ ಎಂದರೆ ಒಂದು ಗಂಟೆಯ ಧ್ವನಿಗೆ 1200 ರೂಪಾಯಿ. ಅದಕ್ಕೆ ನೀವು ಎಂಟು ಗಂಟೆ ದುಡಿದರೆ ಗಂಟೆಗೆ 150, ನಾಲ್ಕು ಗಂಟೆಯಲ್ಲಿ ಮುಗಿಸಿದರೆ 300. ಧ್ವನಿಯನ್ನು ಕೇಳದೆ ದರ ಒಪ್ಪಬೇಡಿ, ಗದ್ದಲವಿರುವ ಹಾಗೂ ಹಲವರು ಮಾತನಾಡುವ ಫೈಲಿಗೆ ಹೆಚ್ಚು ಕೇಳಲು ಸಂಕೋಚಪಡಬೇಡಿ. ಪ್ಯಾನ್ ಕಾರ್ಡ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ, ಸರಳವಾದ ಬಿಲ್ಲಿನ ನಮೂನೆ ಇವು ಇದ್ದರೆ ಸಾಕು. ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಇಂಥ ಸೇವೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ.

ನೋಂದಣಿ ಶುಲ್ಕ, ತರಬೇತಿ ಶುಲ್ಕ, ಭದ್ರತಾ ಠೇವಣಿ ಎಂದು ನಿಮ್ಮಿಂದಲೇ ಹಣ ಕೇಳುವವರು ಯಾರೇ ಆಗಿರಲಿ, ಅಲ್ಲಿಗೇ ಮಾತು ನಿಲ್ಲಿಸಿ. ಕೆಲಸ ಕೊಡುವವರು ಕೆಲಸ ಮಾಡುವವರಿಗೆ ಹಣ ಕೊಡಬೇಕಾದದ್ದು ಕ್ರಮ. ಬರೆದದ್ದರಲ್ಲಿ ತಪ್ಪುಗಳಿವೆ, ಒಪ್ಪಂದ ಮುರಿದಿದ್ದೀರಿ, ದಂಡ ಕಟ್ಟದಿದ್ದರೆ ವಕೀಲರ ನೋಟಿಸ್ ಬರುತ್ತದೆ ಎಂದು ಬೆದರಿಸುವ ಜಾಲಗಳೂ ಇವೆ. ಅಂಥ ಕರೆ ಬಂದರೆ ಹೆದರಿ ಹಣ ಕಟ್ಟದೆ, ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು, ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮನೆಯಲ್ಲಿ ಹೇಳಲು ನಾಚಿಕೊಂಡು ಸುಮ್ಮನಿರುವವರನ್ನೇ ಈ ಜಾಲಗಳು ಮತ್ತೆ ಮತ್ತೆ ಸುಲಿಯುತ್ತವೆ ಎಂಬುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನು ಕೇಳಿದ ಮಾತನ್ನು ಕಾಪಾಡುವ ಹೊಣೆ. ಸಂದರ್ಶನದಲ್ಲಿ ಜನರು ತಮ್ಮ ಕಾಯಿಲೆ, ಆಸ್ತಿಯ ಜಗಳ, ಮನೆಯ ದುಃಖ ಎಲ್ಲವನ್ನೂ ಹೇಳಿರುತ್ತಾರೆ, ಮತ್ತು ಸಣ್ಣ ಊರುಗಳಲ್ಲಿ ಆ ಧ್ವನಿ ಯಾರದೆಂದು ನಿಮಗೆ ಗುರುತು ಸಿಗುವ ಸಾಧ್ಯತೆಯೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದಲೂ, ಅದಕ್ಕಿಂತ ಮೊದಲು ಮರ್ಯಾದೆಯ ದೃಷ್ಟಿಯಿಂದಲೂ, ಆ ಮಾತು ನಿಮ್ಮ ಮೇಜನ್ನು ದಾಟಬಾರದು. ಗುರುತು ಸಿಕ್ಕಿದವರು ಹತ್ತಿರದ ಸಂಬಂಧಿಗಳಾಗಿದ್ದರೆ ಕೆಲಸ ಕೊಟ್ಟವರಿಗೆ ತಿಳಿಸಿ ಆ ಫೈಲನ್ನು ಮರಳಿಸಿ. ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಇರಲಿ, ಉಚಿತವಾಗಿ ಧ್ವನಿಯನ್ನು ಪರಿವರ್ತಿಸಿ ಕೊಡುತ್ತೇವೆ ಎನ್ನುವ ಜಾಲತಾಣಗಳಿಗೆ ಇಂಥ ಫೈಲುಗಳನ್ನು ಏರಿಸಬೇಡಿ, ಸಹಾಯಕ್ಕೆಂದು ವಾಟ್ಸಾಪ್ ಗುಂಪಿನಲ್ಲಿ ತುಣುಕನ್ನು ಕೇಳಿಸಬೇಡಿ. ಬರಹವನ್ನು ಒಪ್ಪಿಸಿ ಹಣ ಕೈಸೇರುವವರೆಗೆ ಧ್ವನಿ ಮತ್ತು ಬರಹ ಎರಡರ ಪ್ರತಿಯನ್ನೂ ಪೆನ್‌ಡ್ರೈವಿನಲ್ಲಿ ಬೀಗದೊಳಗೆ ಇಟ್ಟುಕೊಂಡು, ಆ ಬಳಿಕ ಎರಡನ್ನೂ ಅಳಿಸಿ, ಅಳಿಸಿದ್ದೇನೆ ಎಂದು ಬರೆಸಿದವರಿಗೆ ಒಂದು ಸಾಲಿನ ಇಮೇಲ್ ಕಳುಹಿಸಿ.